ಸಂದು ಮುಚ್ಚಿದ ಗೋಡೆ

ಹರವೆ
ಮೇ 3, 2025

ಸ್ವಾಮಿ,

ರಾತ್ರಿ ಎರಡೂವರೆ. ಲಾರಿಯ ಹಿಂಬಾಗಿಲು ತೆಗೆದು ಒಂದೇ ಸಲಕ್ಕೆ ಕಲ್ಲು ಸುರಿದ ಹಾಗೆ ಸದ್ದಾಯಿತು. ಎದ್ದು ಕೂತೆ. ಸೊಳ್ಳೆ ಹಾರಿದರೆ ಎಚ್ಚರವಾಗುವ ನಿನ್ನ ಮಗಳು ಮಾತ್ರ ಏಳಲಿಲ್ಲ. ಮೊದಲು ಅವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದೆ. ಇತ್ತೀಚೆಗೆ ಸುಮ್ಮಸುಮ್ಮನೆ ಹಾಗೆ ಮಾಡುತ್ತೇನೆ, ನಗಬೇಡ. ಆಮೇಲೆ ಹಿತ್ತಲ ಬಾಗಿಲು ತೆಗೆದೆ.

ಹಿತ್ತಲ ಗೋಡೆ ಇರಲಿಲ್ಲ. ಚಿಕ್ಕಮಲ್ಲಪ್ಪನವರ ಅರಿಸಿನದ ಹೊಲ ನಮ್ಮ ಹಿತ್ತಲಿಗಿಂತ ಆಳೆತ್ತರ ಮೇಲಿದೆ ಅಲ್ಲವಾ, ಆ ಹೊಲವೇ ಒಳಗೆ ಬಂದು ಮಲಗಿದ ಹಾಗಿತ್ತು. ಕೆಂಪು ಮಣ್ಣು, ಕಲ್ಲು, ನೀರು, ಅದರ ಮಧ್ಯೆ ಅತ್ತೆಯ ತುಳಸಿ ಕುಂಡ. ಯಾರಿಗೂ ಏನೂ ಆಗಿಲ್ಲ. ಕೂಸಿನ ಬಟ್ಟೆ ಒಗೆದು ಹಾಕುವ ಕಲ್ಲು ಮಾತ್ರ ಕಾಣಿಸುತ್ತಿಲ್ಲ. ಹಗಲು ಹೊತ್ತು ನಾನು ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂರುವುದು ಅದರ ಪಕ್ಕದಲ್ಲೇ.

ನಿನ್ನ ಅಪ್ಪ ಟಾರ್ಚು ಹಿಡಿದು ಬಂದು ಗೋಡೆಯ ಬುಡ ಇದ್ದ ಕಡೆ ಬೆಳಕು ಬಿಟ್ಟರು. ಸಂಕ್ರಾಂತಿ ಕಳೆದು ನಾನು ಗುಂಡ್ಲುಪೇಟೆಯ ತವರಿಂದ ಬಾಣಂತನ ಮುಗಿಸಿ ಬಂದಾಗ, ಗೋಡೆಯ ಬುಡದಲ್ಲಿದ್ದ ತೂತುಗಳಿಗೆಲ್ಲ ಮಾವನೇ ಸಿಮೆಂಟು ಮೆತ್ತಿದ್ದರು. ಕೂಸಿರುವ ಮನೆ, ತೂತಿನಲ್ಲಿ ಹಾವು ಬಂದೀತು ಅಂತ. ಬದನಗುಪ್ಪೆ ಫ್ಯಾಕ್ಟರಿಯ ಗೇಟಿನಲ್ಲಿ ರಾತ್ರಿ ಪಾಳಿ ಮಾಡಿ ಬಂದು, ನಿದ್ದೆ ಬಿಟ್ಟು ಮಾಡಿದ ಕೆಲಸ. ಬೀದಿಯವರೆಲ್ಲ ಮೆಚ್ಚಿದ್ದರು. ಈ ಭರಣಿ ಮಳೆಗೆ ಹೊಲ ಕುಡಿದ ನೀರಿಗೆ ಹೊರಬರಲು ದಾರಿ ಸಿಗಲಿಲ್ಲ. ಗೋಡೆಯನ್ನೇ ದಾರಿ ಮಾಡಿಕೊಂಡಿತು.

"ಹಾವು ಬತ್ತದೆ ಅಂತ ಮುಚ್ಬುಟ್ಟೆ ಕಣಮ್ಮಿ," ಅಂದರು ಮಾವ. "ನೀರ್ಗೂ ಬಾಗ್ಲು ಬೇಕು ಅಂತ ಹೊಳೀನೇ ಇಲ್ಲ."

ಈಗ ನಿದ್ದೆ ಬಾರದೆ ಕೂತಿರುವುದು ಬಿದ್ದ ಗೋಡೆಗಲ್ಲ. ಹೋದ ವಾರ ಬಂದ ನಿನ್ನ ಕಾಗದವನ್ನು ಮತ್ತೆ ತೆಗೆದು ಓದಿದೆ. ನಿಮ್ಮ ಪುರಸಭೆಯ ಕಡಲ ಗೋಡೆಯ ಕಲ್ಲು ಪ್ರತಿ ಮಳೆಗಾಲಕ್ಕೂ ಮರಳಿನೊಳಗೆ ಇಳಿಯುತ್ತದೆ, ಮಳೆಗೆ ಮುಂಚೆ ಮೇಲೆ ಹೊಸ ಕಲ್ಲು ಕೂರಿಸುವುದು ವರ್ಷವರ್ಷದ ಕೆಲಸ, ಈ ಸಲ ದೊಡ್ಡ ಕಲ್ಲು ಬರಲೇ ಇಲ್ಲ ಅಂತ ಬರೆದಿದ್ದೆ. ಅದಕ್ಕೇ ಕುದೇರಿನ ಮೇಸ್ತ್ರಿ ಚಿಕ್ಕಬಸವಯ್ಯನ ಕಡೆಯವರಿಂದ, ನಮ್ಮ ಕಡೆ ಕೆರೆ ಏರಿಗೆ ಮಾಡುವ ಹಾಗೆ, ಇದ್ದ ಕಲ್ಲುಗಳ ಸಂದಿಗೆಲ್ಲ ಸಿಮೆಂಟು ತುಂಬಿಸಿದೆ, ಈಗ ಏಡಿ ಕೂಡ ನುಗ್ಗಲಾರದು ಅಂತಲೂ. ನಾನೇ ಹೆಮ್ಮೆಯಿಂದ ಅತ್ತೆಗೆ ಓದಿ ಹೇಳಿದ್ದೆ.

ಏಡಿ ನುಗ್ಗದಿದ್ದರೆ ನೀರು ಎಲ್ಲಿಂದ ಹೊರಗೆ ಹೋಗುತ್ತದೆ, ಸ್ವಾಮಿ?

ಫೋನಿನಲ್ಲಿ ಇದನ್ನು ಕೇಳಲಾರೆ. ಈ ಮನೆಯಲ್ಲಿ ಫೋನು ಅಂದರೆ ಸ್ಪೀಕರು, ಎಲ್ಲರಿಗೂ ಕೇಳಬೇಕು. ಅವರೆದುರಿಗೆ ನಾನು ನಿನ್ನನ್ನು "ನೀವು" ಅನ್ನಬೇಕು, ನೀನು "ಹೂಂ, ಸರಿ" ಅನ್ನಬೇಕು. ಕಾಗದದಲ್ಲಿ ನೀನು ಬರೀ ಹೂಂ ಅನ್ನುವ ಹಾಗಿಲ್ಲ. ಉತ್ತರ ಬರಿ.

ನಿದ್ದೆಗೆಟ್ಟ,
ರಂಜಿ

*

ಪುರಸಭೆ ವಸತಿಗೃಹ
ಮೇ 10

ರಂಜಿ,

ನಿಮಗ್ಯಾರಿಗೂ ಏನೂ ಆಗಲಿಲ್ಲ ಅನ್ನುವುದೇ ದೊಡ್ಡದು. ಅಪ್ಪನಿಗೆ ಬೇಜಾರು ಮಾಡಿಕೊಳ್ಳಬೇಡಿ ಅಂತ ಹೇಳು.

ಆದರೆ ಅಪ್ಪನ ಗೋಡೆಯನ್ನೂ ನನ್ನ ಗೋಡೆಯನ್ನೂ ಒಂದೇ ತಕ್ಕಡಿಗೆ ಹಾಕಬೇಡ. ಅಲ್ಲಿ ನೀರು ನೂಕಿದ್ದು ಹಿಂದಿನಿಂದ. ಇಲ್ಲಿ ಸಮುದ್ರ ಇರುವುದು ಮುಂದೆ. ನಮ್ಮ ಕಡೆಯ ಕೆರೆ ಏರಿಗಳನ್ನು ನೋಡು, ತಾತನ ಕಾಲದಲ್ಲಿ ಕಲ್ಲು ಹಾಸಿ ಸಂದು ಮುಚ್ಚಿದ್ದು ಇನ್ನೂ ನಿಂತಿವೆ. ಕೆರೆಯ ನೀರು ಆಚೆ ಹೋಗಬಾರದು, ಸಮುದ್ರದ ನೀರು ಈಚೆ ಬರಬಾರದು. ಇರುವ ವ್ಯತ್ಯಾಸ ಅಷ್ಟೇ. ಚಿಕ್ಕಬಸವಯ್ಯನವರೂ ಅದನ್ನೇ ಹೇಳುತ್ತಾರೆ, ಅವರದು ಮೂರು ತಲೆಮಾರಿನ ಕೈ. ಅಧ್ಯಕ್ಷರು ಬಂದು ನೋಡಿ, ಒಬ್ಬ ಘಟ್ಟದ ಮೇಲಿನ ಇಂಜಿನಿಯರ್ ಬರಬೇಕಾಯಿತು ನೋಡಿ ನಮ್ಮ ಗೋಡೆಗೆ ಅಂದರು. ಫೋಟೋ ತೆಗೆಸಿಕೊಂಡರು.

ಚಿಕ್ಕಬಸವಯ್ಯನವರ ಗುಂಪಿನ ಪುಟ್ಟಸಿದ್ದಮ್ಮ ನಿನ್ನನ್ನೂ ಕೂಸನ್ನೂ ಕೇಳಿದಳು. ಗೋಡೆ ಪಕ್ಕದ ಅವರ ಶೆಡ್ಡುಗಳಿಗೆ ಈ ವರ್ಷ ಅಲೆಯ ಹನಿಯೂ ಬೀಳುವುದಿಲ್ಲ ಅಂತ ಖುಷಿಯಲ್ಲಿದ್ದಾಳೆ.

ನೀನು ಸ್ವಲ್ಪ ನಿದ್ದೆ ಮಾಡು. ನಿದ್ದೆಯಿಲ್ಲದಿದ್ದರೆ ಎಲ್ಲಾ ಗೋಡೆಯೂ ಬೀಳುವ ಹಾಗೇ ಕಾಣುತ್ತದೆ.

ನಿನ್ನ,
ಮಲ್ಲಿಕಾರ್ಜುನಸ್ವಾಮಿ

*

ಹರವೆ
ಮೇ 16

ಸ್ವಾಮಿ,

ನಿದ್ದೆಯಿಲ್ಲದವಳು ಅಂತ ನನ್ನ ಪ್ರಶ್ನೆಯನ್ನು ಪಕ್ಕಕ್ಕಿಟ್ಟೆ. ಇರಲಿ. ಕೂಸಿಗೆ ಹಲ್ಲು ಬರುತ್ತಿದೆ, ನಿನ್ನೆ ರಾತ್ರಿ ನನ್ನ ಹೆಗಲು ಕಚ್ಚಿಕೊಂಡೇ ಮಲಗಿದ್ದಳು, ಹಾಗಾಗಿ ಯೋಚನೆ ಮಾಡಲು ನನಗೆ ಬೇಕಾದಷ್ಟು ಹೊತ್ತು ಸಿಗುತ್ತದೆ.

ಕೆರೆಯ ನೀರು ನಿಂತಿರುತ್ತದೆ. ಸಮುದ್ರ ನಿಲ್ಲುವುದಿಲ್ಲ. ನೀನು ಹೇಳಿದ "ಅಷ್ಟೇ" ವ್ಯತ್ಯಾಸದಲ್ಲಿ ಇದು ಬಿಟ್ಟುಹೋಗಿದೆ.

ಹೋದ ಮಳೆಗಾಲದಲ್ಲಿ ಬಸುರಿಯಾಗಿ ನಿನ್ನ ಜೊತೆ ಆ ವಸತಿಗೃಹದಲ್ಲಿದ್ದಾಗ ನಾನು ಮಾಡಿದ ಕೆಲಸ ಎರಡೇ. ವಾಂತಿ ಮಾಡುವುದು, ಗೋಡೆ ನೋಡುವುದು. ಮಳೆ ಬಿಟ್ಟಾಗಲೆಲ್ಲ ಅಲ್ಲಿ ಹೋಗಿ ಕೂರುತ್ತಿದ್ದೆ. ಅಲೆ ರೋಷದಿಂದ ಬಂದು ಬೀಳುತ್ತಿತ್ತು, ಕಲ್ಲಿನ ಸಂದಿಗಳೊಳಗೆ ನುಗ್ಗುತ್ತಿತ್ತು, ಒಳಗೆಲ್ಲೋ ಗುಳುಗುಳು ಅನ್ನುತ್ತಾ ದಾರಿ ತಪ್ಪಿಸಿಕೊಳ್ಳುತ್ತಿತ್ತು. ಹೊರಗೆ ಬರುವಾಗ ಬರೀ ತೆಳ್ಳಗೆ ಹರಿಯುವ ನೊರೆ. ಅದರ ಜೋರನ್ನೆಲ್ಲ ಆ ಸಂದುಗಳೇ ನುಂಗುತ್ತಿದ್ದವು. ಇದು ನಾನು ಕಣ್ಣಾರೆ ನೋಡಿದ್ದು. ಬಿಎಸ್ಸಿಯಲ್ಲಿ ಫಿಸಿಕ್ಸ್ ಓದಿದ್ದು ಸೀರೆಗೆ ಫಾಲು ಹೊಲಿಯುವುದಕ್ಕಲ್ಲ.

ಈಗ ಸಂದು ಇಲ್ಲ. ನುಗ್ಗಲು ಜಾಗವಿಲ್ಲದ ಅಲೆ ಗೋಡೆ ಹತ್ತಿ ಮೇಲಿಂದ ಹಾರುತ್ತದೆ. ಹಾರಿ ಈಚೆ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ? ಮೊದಲಾದರೆ ಬಂದ ಸಂದಿನಲ್ಲೇ ವಾಪಸು ಹೋಗುತ್ತಿತ್ತು. ಈಗ ಅಲ್ಲೇ ನಿಂತು ನಿನ್ನ ಗೋಡೆಯನ್ನು ಹಿಂದಿನಿಂದ ನೂಕುತ್ತದೆ. ಚಿಕ್ಕಮಲ್ಲಪ್ಪನವರ ಹೊಲ ನೂಕಿದ ಹಾಗೆ.

ಆ ನೀರು ನಿಲ್ಲುವ ಜಾಗದಲ್ಲೇ ಪುಟ್ಟಸಿದ್ದಮ್ಮನವರ ತಗಡಿನ ಶೆಡ್ಡುಗಳಿವೆ. ಏನು ತಿಂದರೂ ನಿಲ್ಲದ ದಿನಗಳಲ್ಲಿ ಅವಳು ಟಿಫನ್ ಡಬ್ಬಿಯಲ್ಲಿ ಮುದ್ದೆ, ಉಪ್ಸಾರು ಹಿಡಿದು ಬರುತ್ತಿದ್ದಳು. "ನಮ್ಮೂರ್ ಖಾರ ತಿನ್ನವ್ವ, ಕೂಸು ಒಳ್ಗೇ ಕುಣೀತದೆ," ಅನ್ನುತ್ತಿದ್ದಳು. ಮೀನಿನ ವಾಸನೆಗೆ ಮುಖ ಮುಚ್ಚಿಕೊಂಡು ಕೂತವಳಿಗೆ ಊಟ ಸೇರಿಸಿದ್ದು ಅವಳು. ಅವಳ ಎರಡು ಮಕ್ಕಳು ಆ ಗೋಡೆಯ ಬುಡದಲ್ಲೇ ಮಲಗುತ್ತವೆ.

ಗೋಡೆ ದಾಟಿದ ನೀರು ಎಲ್ಲಿಗೆ ಹೋಗುತ್ತದೆ? ಇದೊಂದಕ್ಕೆ ಉತ್ತರ ಕೊಡು. ನಿದ್ದೆ ಮಾಡು ಅಂತ ಬರೆಯಬೇಡ.

ಉತ್ತರಕ್ಕೆ ಕಾದಿರುವ,
ರಂಜಿ

*

ಪುರಸಭೆ ವಸತಿಗೃಹ
ಮೇ 27

ರಂಜಿ,

ತಡವಾಯಿತು. ಮಳೆ ಈ ಸಲ ಬೇಗ ಹಿಡಿದುಕೊಂಡಿತು.

ಅದು ಎಲ್ಲಿಗೂ ಹೋಗುವುದಿಲ್ಲ. ನೀನು ಹೇಳಿದ್ದು ಸರಿ. ಮೊದಲ ದೊಡ್ಡ ಅಲೆಗಳು ಗೋಡೆ ಹತ್ತಿ ಹಾರಿದವು, ನೀರು ಶೆಡ್ಡಿನ ಮುಂದೆ ನಿಂತಿತು. ಎರಡು ದಿನ ಬಿಟ್ಟು ನೋಡಿದರೆ ಅಲ್ಲಿ ಗೋಡೆ ಸಮುದ್ರದ ಕಡೆಗೆ ಹೊಟ್ಟೆ ಬಿಟ್ಟಿದೆ. ಸಿಮೆಂಟಿನಲ್ಲಿ ಕೈಬೆರಳು ಹೋಗುವಷ್ಟು ಬಿರುಕು. ಬುಡದ ಮರಳು ತೊಳೆದುಹೋಗಿ ಒಳಗೆ ಟೊಳ್ಳಾಗಿದೆ, ಕಲ್ಲಿನಿಂದ ತಟ್ಟಿದರೆ ತಿಳಿಯುತ್ತದೆ. ಚಿಕ್ಕಬಸವಯ್ಯನವರನ್ನು ಕರೆದು ತೋರಿಸಿದೆ. ಆಳುಗಳಿಗೆ ಈಗಲೇ ಹೇಳುವುದು ಬೇಡ ಅಂದು ಹೋದರು.

ಅಧ್ಯಕ್ಷರ ಹತ್ತಿರ ಹೋದೆ. ಅವರು ನಕ್ಕರು. "ನೀವು ಯಾಕೆ ತಲೆ ಬಿಸಿ ಮಾಡ್ತೀರಿ ಮಾರಾಯ್ರೆ," ಅಂದರು. ಬಿರುಕಿಗೆ ಮೇಲಿಂದ ಗಾರೆ ಹಚ್ಚಿ ಬಣ್ಣ ಬಳಿಸಿ ಅಂತ ಹೇಳಿದರು. ಜೂನ್ ಹತ್ತರ ಬೆಳಗ್ಗೆ ಮೇಲಿನವರು ತಪಾಸಣೆಗೆ ಬರುತ್ತಾರೆ. ಗೋಡೆಯ ಕೆಲಸ ಮುಗಿದಿದೆ, ಭದ್ರವಾಗಿದೆ ಅಂತ ನಾನು ಸಹಿ ಹಾಕಬೇಕು. ಹಾಕಿದರೆ ಆ ವಾರವೇ ನನ್ನ ವರ್ಗಾವಣೆ. ಎಲ್ಲಿಗೆ ಗೊತ್ತಾ? ಗುಂಡ್ಲುಪೇಟೆಗೆ. ನಾನು ಬೇಡದೆಯೇ ಹೇಳಿದರು. ಮಗುವಿನ ಮುಖ ನೋಡಿಕೊಂಡು ಊರಲ್ಲಿರಿ ಅಂದರು.

ಭದ್ರವಾಗಿಲ್ಲ ಅಂತ ಬರೆದರೆ ಶೆಡ್ಡಿನವರನ್ನು ಶಾಲೆಗೆ ಸಾಗಿಸಬೇಕು, ಗೋಡೆ ಬಿಚ್ಚಬೇಕು, ಸಂದು ಮುಚ್ಚಿಸಿದವನು ಯಾರು ಅಂತ ವಿಚಾರಣೆ ಆಗಬೇಕು. ಮುಚ್ಚಿಸಿದವನು ನಾನು.

ಗೋಡೆ ಈ ಮಳೆಗಾಲ ನಿಂತರೂ ನಿಂತೀತು. ಅಮ್ಮನಿಗೆ ವರ್ಗದ ಸುದ್ದಿ ಮಾತ್ರ ಹೇಳು. ಉಳಿದದ್ದು ನಿನ್ನಲ್ಲೇ ಇರಲಿ. ಕಾರ ಹುಣ್ಣಿಮೆಯ ಹೊತ್ತಿಗೆ ಮನೆಯಲ್ಲಿರುತ್ತೇನೆ.

ನಿನ್ನ,
ಸ್ವಾಮಿ

*

ಹರವೆ
ಜೂನ್ 2

ಸ್ವಾಮಿ,

ವರ್ಗದ ಸುದ್ದಿ ಹೇಳಿದೆ. ಅತ್ತೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ನೇರ ಮಾದಪ್ಪನ ಪಟದ ಮುಂದೆ ಹೋಗಿ ನಿಂತರು. ಆಮೇಲೆ ಬೀದಿಗೆ ಹೋದರು. ಸಂಜೆಯೊಳಗೆ ಹರವೆಗೆಲ್ಲ ನೀನು ಬಂದಾಗಿತ್ತು.

ನನಗೂ ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ? ಒಂದು ಇಡೀ ದಿನ ಆಸೆಪಟ್ಟೆ. ನೀನು ಬೆಳಗ್ಗೆ ಬೈಕಿನಲ್ಲಿ ಗುಂಡ್ಲುಪೇಟೆಗೆ ಹೊರಡುತ್ತಿದ್ದೆ, ಕೂಸು ಟಾಟಾ ಮಾಡುತ್ತಿದ್ದಳು, ಸಂಜೆ ನೀನು ಅವಳನ್ನು ಎತ್ತಿಕೊಂಡರೆ ನಾನು ಅಷ್ಟು ಹೊತ್ತು ಸುಮ್ಮನೆ ಕಣ್ಣು ಮುಚ್ಚಿ ಮಲಗುತ್ತಿದ್ದೆ. ಮಗಳು ನಿನ್ನನ್ನು ನೋಡಿರುವುದು ಎರಡೇ ಸಲ. ಫೋನಿನಲ್ಲಿ ನಿನ್ನ ಮುಖ ಬಂದರೆ ಪರದೆಯನ್ನು ನೆಕ್ಕುತ್ತಾಳೆ. ಇಷ್ಟೆಲ್ಲ ಗೊತ್ತಿದ್ದೇ ಬರೆಯುತ್ತಿದ್ದೇನೆ. ಸಹಿ ಹಾಕಿ ಬರುವುದಾದರೆ ಬರಬೇಡ.

ಉಳಿದದ್ದು ನಿನ್ನಲ್ಲೇ ಇರಲಿ ಅಂದೆ. ಇಟ್ಟುಕೊಳ್ಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಮಾವನಿಗೆ ಎಲ್ಲ ಹೇಳಿಬಿಟ್ಟೆ. ಅತ್ತೆ ತಟ್ಟೆ ದೂರ ತಳ್ಳಿದರು.

"ಗಂಡ ಮನೆಗ್ ಬತ್ತೀನಿ ಅಂದ್ರೆ ಬ್ಯಾಡ ಅನ್ನೋ ಹೆಂಗ್ಸ ನಾನು ಎಲ್ಲೂ ಕಂಡಿಲ್ಲ ಕಣಮ್ಮಿ. ಒಂದ್ ಸೈನು. ಹಾಕ್ಬುಟ್ಟು ಬರ್ಲಿ."

"ಆ ಗೋಡೆ ಪಕ್ಕ ಮಕ್ಳು ಮಲಗ್ತವೆ ಅತ್ತೆ," ಅಂದೆ.

"ಅವ್ರ್ ಮಕ್ಳಿಗೆ ಅವ್ರವ್ವದೀರು ಇಲ್ವಾ?"

"ಇದಾರೆ. ಅವರಿಗೆ ಗೋಡೆ ಟೊಳ್ಳು ಅಂತ ಗೊತ್ತಿಲ್ಲ. ಗೊತ್ತಿರೋದು ನಿಮ್ಮ ಮಗನಿಗೆ. ಈಗ ನಿಮಗೆ."

ಅತ್ತೆ ಎದ್ದು ಹೋದರು. ಅವತ್ತಿನಿಂದ ನನ್ನೊಡನೆ ಮಾತಿಲ್ಲ. ಕೂಸಿನ ಮೂಲಕ ಮಾತಾಡುತ್ತಾರೆ. ನಿನ್ನವ್ವಂಗೆ ಒಲೆ ಆರೋಯ್ತದೆ ಅಂತ ಹೇಳು ಮಗ, ಅನ್ನುತ್ತಾರೆ.

ವಿಚಾರಣೆಯ ಭಯ ನನಗೆ ಅರ್ಥವಾಗುತ್ತದೆ. ನಮ್ಮ ಕೇರಿಯಿಂದ ಇಂಜಿನಿಯರ್ ಆದ ಮೊದಲನೆಯವನು ನೀನು. ತಪ್ಪು ಮಾಡಿದ ಅಂತ ಪೇಪರಿನಲ್ಲಿ ಬಂದರೆ ಯಾರು ಯಾರು ಹೇಗೆ ನಗುತ್ತಾರೆ ಅಂತ ನಿನಗಿಂತ ಚೆನ್ನಾಗಿ ನನಗೆ ಗೊತ್ತು, ಆ ನಗುವನ್ನು ಕೇಳಿಕೊಂಡೇ ನಾನೂ ಕಾಲೇಜು ಮುಗಿಸಿದ್ದು. ನಗಲಿ. ಕೆರೆ ಸೀಮೆಯಲ್ಲಿ ಹುಟ್ಟಿದವನು ಕಡಲನ್ನೂ ಕೆರೆ ಅಂದುಕೊಂಡೆ, ಗೊತ್ತಿಲ್ಲದೆ ಸಂದು ಮುಚ್ಚಿಸಿದೆ. ಅದನ್ನು ಯಾರೆದುರಿಗೆ ಬೇಕಾದರೂ ಹೇಳಿಕೊಳ್ಳಬಹುದು. ಗೊತ್ತಿದ್ದೂ ಭದ್ರ ಅಂತ ಬರೆದರೆ ಅದನ್ನು ಮಗಳೆದುರಿಗೆ ಹೇಳಿಕೊಳ್ಳಲು ಆಗುತ್ತದಾ ನೋಡು.

ನಿನ್ನ ಕೆಲಸ ಹೋದರೆ ಹೋಗಲಿ. ನಾನು ಟ್ಯೂಷನ್ ಹೇಳುತ್ತೇನೆ. ಗುಂಡ್ಲುಪೇಟೆಗೆ ವರ್ಗವಾಗದೆ ಇನ್ನೂ ದೂರ ಎಸೆದರೆ ಎಸೆಯಲಿ, ಕೂಸನ್ನು ಕಟ್ಟಿಕೊಂಡು ಅಲ್ಲಿಗೇ ಬರುತ್ತೇನೆ. ಆದರೆ ನೀನು ಪುಟ್ಟಸಿದ್ದಮ್ಮನ ಮಕ್ಕಳ ತಲೆಯ ಮೇಲೆ ಹತ್ತಿಕೊಂಡು ಈ ಮನೆಗೆ ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ. ಅತ್ತೆ ತೆಗೆದುಕೊಳ್ಳಲಿ.

ಹತ್ತನೇ ತಾರೀಖಿನವರೆಗೆ ಕಾಯಬೇಡ. ಜನರನ್ನು ಈಗಲೇ ಶಾಲೆಗೆ ಕಳಿಸು. ಬುಡದ ಸಿಮೆಂಟು ಒಡೆಸಿ ನೀರಿಗೆ ದಾರಿ ಮಾಡಿಸು.

ಬಾಗದ,
ರಂಜಿ

*

ಹರವೆ
ಜೂನ್ 9, ರಾತ್ರಿ

ಸ್ವಾಮಿ,

ಉತ್ತರವಿಲ್ಲ. ನಿನ್ನೆಯಿಂದ ಫೋನೂ ಎತ್ತುತ್ತಿಲ್ಲ. ರಿಂಗಾಗುತ್ತದೆ, ನಿಲ್ಲುತ್ತದೆ. ಫೋನು ಬಿದ್ದುಹೋಗಿದೆ ಅಂದುಕೊಂಡೆ, ಜ್ವರ ಬಂದಿದೆ ಅಂದುಕೊಂಡೆ. ಪುರಸಭೆ ಆಫೀಸಿಗೆ ಮಾಡಿದರೆ, ಸಾಹೇಬರು ಇಲ್ಲೇ ಇದ್ದಾರೆ, ಬಣ್ಣ ಬಳಿಸುವ ಕಡೆ ಹೋಗಿದ್ದಾರೆ ಅಂದರು. ಬಣ್ಣ.

ಈ ಕಾಗದ ಅಂಚೆಗೆ ಹಾಕುವುದಕ್ಕಲ್ಲ. ಬರೆದು ಮುಗಿಸಿದ ಕೂಡಲೇ ಫೋಟೋ ತೆಗೆದು ನಿನ್ನ ವಾಟ್ಸಾಪಿಗೆ ಹಾಕುತ್ತೇನೆ. ನೀನು ನನ್ನ ಕರೆ ಕತ್ತರಿಸಬಲ್ಲೆ, ನನ್ನ ಅಕ್ಷರ ಕಂಡರೆ ಓದದೆ ಇರಲಾರೆ. ಪಿಯುಸಿಯಲ್ಲಿ ನನ್ನ ನೋಟ್ಸು ಇಸಕೊಂಡು ಹೋಗುತ್ತಿದ್ದ ದಿನದಿಂದ ಅದು ನನಗೆ ಗೊತ್ತು.

ಮಧ್ಯಾಹ್ನ ನಾನೇ ಪುಟ್ಟಸಿದ್ದಮ್ಮನಿಗೆ ಫೋನ್ ಮಾಡಿದೆ. ನಿನ್ನನ್ನು ಕೇಳದೆ ಮಾಡಿದೆ, ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ಗೋಡೆ ಒಳಗೆ ಟೊಳ್ಳಾಗಿದೆ, ನಾಡಿದ್ದು ಹುಣ್ಣಿಮೆ, ಉಬ್ಬರ ಜಾಸ್ತಿ ಬರುತ್ತದೆ, ಮಕ್ಕಳನ್ನು ಕರೆದುಕೊಂಡು ಇವತ್ತೇ ಶಾಲೆಗೆ ಹೋಗು ಅಂತ ಬಿಡಿಸಿ ಬಿಡಿಸಿ ಹೇಳಿದೆ. ಅವಳು ಏನು ಹೇಳಿದಳು ಅಂತ ಅವಳ ಮಾತಿನಲ್ಲೇ ಕೇಳು.

"ನೀ ಬಾಣಂತಿ, ಅಷ್ಟ್ ದೂರ ಕೂತ್ಕಂಡು ಎದ್ರುಕೊಬ್ಯಾಡ ಕಣವ್ವ. ಆ ಗೋಡೆ ನಾವೇ ಮೆತ್ತಿದ್ದು, ನಿನ್ ಗಂಡ್ನೇ ನಿಂತ್ಕಂಡು ಮಾಡ್ಸುದ್ದು. ಬೀಳಂಗಿದ್ರೆ ಅವ್ರು ನಮ್ಗೆ ಹೇಳ್ದೆ ಇದ್ದಾರಾ? ಬ್ಯಾರೆ ಯಾರಾರ ಆಗಿದ್ರೆ ನಂಬ್ತಿರ್ಲಿಲ್ಲ. ಅವ್ರು ನಮ್ ಕಡೆಯೋರು."

ಅವರಿಗೆ ಗೊತ್ತು, ನಿಮಗೆ ಹೇಳಿಲ್ಲ ಅಷ್ಟೇ ಅನ್ನಬೇಕಿತ್ತು. ಅಂದೆ. ಅವಳು ನಂಬಲಿಲ್ಲ. ಸ್ವಾಮಿ ಸಾರೇ ಬಾಯಿ ಬಿಟ್ಟು ಒಂದು ಮಾತು ಹೇಳಲಿ, ಪಾತ್ರೆ ಪಗಡ ಬಿಟ್ಟು ಮಕ್ಕಳ ಕೈ ಹಿಡಿದು ಎದ್ದು ಹೋಗುತ್ತೇವೆ ಅಂದಳು. ಶೆಡ್ಡಿನವರೆಲ್ಲ ಅವಳ ಹಿಂದೆ ನಿಂತು ಹೂಂ ಅನ್ನುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು.

ನೋಡು. ಅಧ್ಯಕ್ಷರು ಹೇಳಿದರೂ ಅವರು ಏಳುವುದಿಲ್ಲ, ಪೊಲೀಸರು ಹೇಳಿದರೂ ಏಳುವುದಿಲ್ಲ, ನಾನು ಹೇಳಿದ್ದಕ್ಕಂತೂ ಎದ್ದಿಲ್ಲ. ನೀನು ಹೇಳಿದರೆ ಏಳುತ್ತಾರೆ. ಅವರನ್ನು ಅಲ್ಲಿ ಕೂರಿಸಿರುವುದು ಗೋಡೆಯಲ್ಲ, ನೀನು.

ನಿನ್ನ ಅಮ್ಮ ಈಗ ತಾನೇ ಎದ್ದು ಬಂದಿದ್ದರು. ಕೂಸು ಅಳುತ್ತಿತ್ತು, ನಾನು ಒಂದು ಕೈಯಲ್ಲಿ ತೂಗುತ್ತಾ ಒಂದು ಕೈಯಲ್ಲಿ ಬರೆಯುತ್ತಿದ್ದೆ. ಬಾಗಿಲಲ್ಲಿ ನಿಂತು ನೋಡಿದರು. ನಾನು ಬರೆಯುತ್ತಲೇ ಇದ್ದೆ. ಆಮೇಲೆ ಬಂದು ಕೂಸನ್ನು ನನ್ನ ಮಡಿಲಿಂದ ಎತ್ತಿಕೊಂಡರು. "ಮಕ್ಳು ಎಷ್ಟು ಅವಂತೆ ಅಲ್ಲಿ?" ಅಂತ ಕೇಳಿದರು. ನನಗೂ ಲೆಕ್ಕ ಗೊತ್ತಿಲ್ಲ, ಬಹಳ ಅಂದೆ. "ನೀ ಬರ್ಕೊ, ನಾ ಎತ್ಕಂಡಿರ್ತೀನಿ," ಅಂದು ತಮ್ಮ ಚಾಪೆಗೆ ಹೋದರು. ವಾರದಿಂದ ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತುಗಳು ಅವು.

ಬೆಳಗ್ಗೆ ಅವರು ಬರುತ್ತಾರೆ, ಹೊಸ ಬಣ್ಣದ ಗೋಡೆಯ ಮುಂದೆ ನಿನ್ನ ಕೈಗೆ ಪೆನ್ನು ಕೊಡುತ್ತಾರೆ. ನೀನು ಬರೆದು ಕೊಟ್ಟ ಮೇಲೆ ಆ ಗೋಡೆಯನ್ನು ಮುಂದಿನ ವರ್ಷದವರೆಗೆ ಯಾರೂ ಮುಟ್ಟುವುದಿಲ್ಲ. ಶಾಲೆಯ ಬಾಗಿಲು ಯಾರೂ ತೆಗೆಯುವುದಿಲ್ಲ. ಅದಕ್ಕೇ ಬೆಳಗಾಗುವವರೆಗೆ ಬಿಡಲಾರೆ. ಹೋದ ಕಾಗದದಲ್ಲಿ ಬಾಗಿಲು ತೆಗೆಯುವುದಿಲ್ಲ ಅಂತೆಲ್ಲ ಬರೆದೆ. ಅದರಲ್ಲಿ ಒಂದು ಅಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಇವತ್ತು ಕೇಳಿಕೊಳ್ಳುತ್ತಿದ್ದೇನೆ. ನಾನು ಕೇಳಿಕೊಳ್ಳುವವಳಲ್ಲ, ನಿನಗೆ ಗೊತ್ತು.

ಮೊದಲು ಪುಟ್ಟಸಿದ್ದಮ್ಮನಿಗೆ ಫೋನ್ ಮಾಡು. ಅವಳ ನಂಬರು ನಿನ್ನ ಹತ್ತಿರ ಇದೆ. ಹೇಗೆ ಹೇಳಬೇಕು ಅಂತ ಯೋಚಿಸುತ್ತಾ ಕೂರಬೇಡ. "ಏಳಿ, ನಾನು ತಪ್ಪು ಕಟ್ಟಿಸಿದೆ" ಅಂದರೆ ಸಾಕು. ಅವಳು ಬೈದರೆ ಬೈಸಿಕೊ. ಅವರು ಎದ್ದು ಹೊರಟ ಮೇಲೆ ನನಗೆ ಮಾಡು. ಎಷ್ಟು ಹೊತ್ತಾದರೂ ಮಾಡು. ಸ್ಪೀಕರು ಹಾಕಿಯೇ ಎತ್ತುತ್ತೇನೆ, ಮನೆಯವರೆಲ್ಲ ಕೇಳಲಿ. ಅವಳಿಗೆ ಮಾಡಲು ಧೈರ್ಯ ಬರದಿದ್ದರೆ ನನಗಾದರೂ ಮಾಡು, ನಾನು ಲೈನಿನಲ್ಲಿರುತ್ತೇನೆ, ಮೂರೂ ಜನ ಒಟ್ಟಿಗೆ ಮಾತಾಡೋಣ. ಸಹಿ ಹಾಕುವುದೇ ನಿಶ್ಚಯ ಅಂತಿದ್ದರೂ ಮಾಡು, ಅದನ್ನು ನಿನ್ನ ಬಾಯಿಂದಲೇ ಕೇಳುತ್ತೇನೆ, ಮಧ್ಯೆ ಮಾತಾಡುವುದಿಲ್ಲ. ಏನೂ ಹೇಳಲಾಗದಿದ್ದರೆ ಸುಮ್ಮನೆ ಹಿಡಿದುಕೊಂಡಿರು, ನಿನ್ನ ಉಸಿರಾದರೂ ಕೇಳಲಿ.

ಮಾಡು ಸ್ವಾಮಿ. ಕೈಮುಗಿಯುತ್ತೇನೆ. ಬೆಳಕು ಹರಿಯುವ ಮುಂಚೆ ಮಾಡು.

ಎದ್ದೇ ಇರುವ,
ರಂಜಿ